ಮನಿಷಾಳ ಬಾಯಿಗೆ ಹಾಕಿದ ಬೀಗ ತೆಗೆಯಿರಿ

ಗುತ್ತಿಗೆದಾರರ ಗೋಪ್ಯತಾ ಪರಿಶೀಲನೆಯ ಹೊಣೆ ಹೊತ್ತಿರುವ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ,

ಕೊಡಂಬಲದ ಕುರಿಗಾರ ಪಂಡರಿಯವರ ಮಗಳು ಮನಿಷಾ ನಂಬಿಕೆಗೆ ಅರ್ಹಳಲ್ಲ ಎಂದು ನಿಮ್ಮ ಕಚೇರಿ ತೀರ್ಮಾನಿಸಿದೆ. ಯಾಕೆ ಎಂದು ಹೇಳಿಲ್ಲ, ಹೇಳುವುದೂ ಇಲ್ಲವಂತೆ. ಅದೇ ಕಚೇರಿ ಅದೇ ವಾರ ಅದೇ ಮನಿಷಾಳ ಮನೆಗೆ ಹೋಗಿ, ಬದುಕಿರುವ ತನಕ ಸರ್ಕಾರದ ಗುಟ್ಟನ್ನು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಎಂದು ಸಹಿ ಹಾಕಿಸಿಕೊಂಡು ಬಂದಿದೆ. ನಂಬಿಕೆಗೆ ಅರ್ಹಳಲ್ಲದವಳ ಸಹಿಯನ್ನು ಯಾವ ನಂಬಿಕೆಯ ಮೇಲೆ ತೆಗೆದುಕೊಂಡಿರಿ ಎಂದು ಕೇಳಿ ನಾನು ನಿಮಗೆ ಬರೆದ ಪತ್ರಗಳಿಗೆ, ಈ ವಿಷಯದಲ್ಲಿ ಮುಂದಿನ ಪತ್ರವ್ಯವಹಾರ ಅನಪೇಕ್ಷಿತ ಎಂಬ ಉತ್ತರ ಬಂತು. ಆದ್ದರಿಂದ ಈ ಸಲ ನಿಮಗೆ ಬರೆಯುವುದನ್ನು ಎಲ್ಲರೂ ಓದಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ.

ನಾನು ಹುಡಗಿ ಗ್ರಾಮದವನು. ಸೈನ್ಯದಲ್ಲಿ ಹವಾಲ್ದಾರನಾಗಿ ನಿವೃತ್ತನಾದವನು. ಈಗ ಹುಮನಾಬಾದಿನ ಹೆದ್ದಾರಿ ಬದಿಯ ಒಂದು ಸಣ್ಣ ಲೇತ್ ಕಾರ್ಖಾನೆಯಲ್ಲಿ ಭದ್ರತಾ ಅಧಿಕಾರಿ. ಅಧಿಕಾರಿ ಎಂಬುದು ನಿಮ್ಮ ಕೈಪಿಡಿಯ ಮಾತು. ಕಾರ್ಖಾನೆಯ ಹುಡುಗರು ನನ್ನನ್ನು ಕೀಲಿ ಮಾಮಾ ಅನ್ನುತ್ತಾರೆ. ಸರ್ಕಾರದ ಒಂದು ಇಲಾಖೆಗೆ ಬೇಕಾದ ಕೆಲವು ಬಿಡಿಭಾಗಗಳು ನಮ್ಮಲ್ಲಿ ತಯಾರಾಗುತ್ತವೆ. ಅವು ಬಂದೂಕಿಗೆ ಹೋಗುತ್ತವೋ ಬಕೀಟಿಗೆ ಹೋಗುತ್ತವೋ ಹೇಳುವುದಿಲ್ಲ, ಹೆದರಬೇಡಿ. ಈ ಪತ್ರವನ್ನು ಕಳಿಸುವ ಮುನ್ನ, ಕಾರ್ಖಾನೆಯಿಂದ ಹೊರಹೋಗುವ ಕಾಗದವನ್ನು ಹೇಗೆ ನೋಡುತ್ತೇನೋ ಹಾಗೆಯೇ ಸಾಲುಸಾಲು ನೋಡಿದ್ದೇನೆ. ಇದರಲ್ಲಿ ನಿಮ್ಮ ಗುಟ್ಟು ಒಂದೂ ಇಲ್ಲ. ನಿಮ್ಮ ಮರ್ಯಾದೆ ಸ್ವಲ್ಪ ಇರಬಹುದು.

ನಿಮ್ಮ ನಿಯಮಗಳ ಮೇಲೆ ನನಗೆ ಸಿಟ್ಟಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಗೇಟಿನಲ್ಲಿ ಎಲ್ಲರ ಫೋನುಗಳನ್ನು ಪೆಟ್ಟಿಗೆಗೆ ಹಾಕಿಸುವವನು ನಾನೇ. ನಕ್ಷೆಗಳಿರುವ ಕಪಾಟಿಗೆ ಎರಡು ಕೀಲಿ, ಎರಡು ಕೀಲಿ ಎರಡು ಕೈಯಲ್ಲಿ. ಚಹಾ ತರುವ ಮಹೆಬೂಬ ಒಳಗೆ ಕಾಲಿಡುವಂತಿಲ್ಲ, ಕಿಟಕಿಯಿಂದಲೇ ಲೋಟ ಕೊಟ್ಟು ಕಿಟಕಿಯಿಂದಲೇ ತೆಗೆದುಕೊಂಡು ಹೋಗುತ್ತಾನೆ. ಕಳೆದ ಸಲ ಬಂದ ನಿಮ್ಮ ತಪಾಸಣೆಯವರು ಕಂಪೌಂಡ್ ಗೋಡೆ ಒಂದು ಗೇಣು ಗಿಡ್ಡವಾಯಿತು ಎಂದಾಗ ಎತ್ತರಿಸಿದೆವು. ಅವರು ಊಟಕ್ಕೆ ಕುಳಿತಾಗ ಗೋಡೆಯ ವಿಷಯ ಮರೆತು ಹಪ್ಪಳದ ವಿಷಯ ಮಾತಾಡಿದರು, ಅದು ಬೇರೆ. ನಿಯಮ ಇರಬೇಕು. ಗುಟ್ಟು ಹೊರಗೆ ಹೋದರೆ ಎಲ್ಲೋ ಒಬ್ಬ ಸಿಪಾಯಿ ಅದರ ಬೆಲೆ ತೆರುತ್ತಾನೆ ಎಂಬುದು ನನಗೆ ಗೊತ್ತು. ಅಂಥವರ ಜೊತೆ ನಾನು ಒಂದೇ ತಟ್ಟೆಯಲ್ಲಿ ಉಂಡಿದ್ದೇನೆ.

ಮನಿಷಾ ನಮ್ಮಲ್ಲಿ ತಪಾಸಣೆ ಕೋಣೆಯ ಕೆಲಸಗಾರ್ತಿ. ತಯಾರಾದ ಭಾಗವನ್ನು ನಕ್ಷೆಯ ಪ್ರಕಾರ ಅಳೆದು, ಸರಿಯಿದ್ದರೆ ಮುಂದಕ್ಕೆ, ಇಲ್ಲದಿದ್ದರೆ ಹಿಂದಕ್ಕೆ ಕಳಿಸುವುದು ಆಕೆಯ ಕೆಲಸ. ಇಷ್ಟನ್ನು ಹೇಳಬಹುದು, ಅಳೆದದ್ದು ಏನನ್ನು ಎಂಬುದನ್ನು ಹೇಳುವಂತಿಲ್ಲ. ಎಲ್ಲರಂತೆ ಆಕೆಯ ಕೈಯಲ್ಲೂ ತಪ್ಪುಗಳಾಗಿವೆ, ಬೈಸಿಕೊಂಡಿದ್ದಾಳೆ. ಸಿಡುಕಿನ ಹುಡುಗಿ. ಆದರೆ ಒಂದು ಸಂಗತಿ ನಿಮ್ಮ ಕಡತದಲ್ಲಿ ಇರಲಾರದು, ನಾನು ಹೇಳುತ್ತೇನೆ. ಒಮ್ಮೆ ನಮ್ಮ ಮಾಲೀಕರು ಸತೀಶಕುಮಾರ ಅವಸರದಲ್ಲಿದ್ದರು. ಭಾಗಗಳನ್ನು ಕಾಯಿಸಿ ಹದ ಕೊಡಿಸಲು ಹೊರಗಿನ ಒಂದು ಅಂಗಡಿಯವರಿಗೆ ನಕ್ಷೆಯನ್ನು ಫೋನಿನಲ್ಲಿ ಫೋಟೊ ತೆಗೆದು ಕಳಿಸಿಬಿಡೋಣ ಎಂದರು. ನಾನು ಅಂದು ರಜೆಯಲ್ಲಿದ್ದೆ, ನನ್ನ ಕೀಲಿ ಮಾಲೀಕರ ಬಳಿ ಇತ್ತು. ಮನಿಷಾ ತನ್ನ ಪಾಲಿನ ಕೀಲಿ ಕೊಡಲಿಲ್ಲ. ಮಾಲೀಕರು ಕೂಗಾಡಿದರು, ನಾಳೆಯಿಂದ ಬರಬೇಡ ಎಂದರು. ಆಕೆ ಮರುದಿನ ಎಂದಿನಂತೆ ಬಂದು ಫೋನು ಪೆಟ್ಟಿಗೆಯಲ್ಲಿಟ್ಟು ಒಳಗೆ ಹೋದಳು. ಆಮೇಲೆ ನಿಮ್ಮ ತಪಾಸಣೆಯವರ ಮುಂದೆ ಮಾಲೀಕರೇ, ನಮ್ಮಲ್ಲಿ ಶಿಸ್ತು ಅಂದರೆ ಶಿಸ್ತು, ಕೆಲಸದ ಹುಡುಗಿ ಕೂಡ ನನಗೇ ಕೀಲಿ ಕೊಡುವುದಿಲ್ಲ ಎಂದು ಎದೆ ಉಬ್ಬಿಸಿ ಹೇಳಿಕೊಂಡರು. ಅಂಥವಳು ಈಗ ಹೊರಗೆ, ಮಾಲೀಕರು ಒಳಗೆ.

ಇದಾದದ್ದು ಹೇಗೆ? ಮೊದಲ ಸಲ ಆಕೆಗೆ ಗೋಪ್ಯ ನಕ್ಷೆ ಮುಟ್ಟುವ ಅನುಮತಿ ಸಿಕ್ಕಾಗ ಅರ್ಜಿ ತುಂಬಿದ್ದು ಕಾರ್ಖಾನೆಯ ಗುಮಾಸ್ತ. ವಾಸಸ್ಥಳ ಎಂಬಲ್ಲಿ ಕೊಡಂಬಲ ಎಂದು ಒಂದೇ ಮಾತು ಬರೆದು ಕೈ ತೊಳೆದುಕೊಂಡ. ಅದು ಪಾಸಾಯಿತು. ಈಗ ನವೀಕರಣದ ಹೊತ್ತಿಗೆ ನಿಮ್ಮ ಹೊಸ ಸೂಚನೆ ಬಂತು: ಅರ್ಜಿಯನ್ನು ನೌಕರರು ಸ್ವತಃ ತುಂಬತಕ್ಕದ್ದು, ಕಳೆದ ಹತ್ತು ವರ್ಷಗಳಲ್ಲಿ ಒಂದು ತಿಂಗಳಿಗೆ ಮೇಲ್ಪಟ್ಟು ಮನೆ ಬಿಟ್ಟು ಹೊರಗೆ ಉಳಿದಿದ್ದರೆ ಆ ಅವಧಿಯಲ್ಲಿ ತಂಗಿದ ಎಲ್ಲ ಸ್ಥಳಗಳನ್ನೂ ನಮೂದಿಸತಕ್ಕದ್ದು, ಮರೆಮಾಚಿದರೆ ಶಿಕ್ಷಾರ್ಹ ಅಪರಾಧ. ಮನಿಷಾ ಸೂಚನೆಯನ್ನು ಓದಿದಳು. ಓದಿದ್ದನ್ನು ನಂಬಿದಳು. ನಮ್ಮ ಕಡೆಯ ಕುರಿಗಾರರ ಮಗಳು ಮಾತ್ರ ಮಾಡಬಹುದಾದ ತಪ್ಪನ್ನು ಮಾಡಿದಳು. ಕುರಿಗಳ ಜೊತೆ ತಾನು ಮಲಗಿದ್ದ ಹೊಲಗಳನ್ನೆಲ್ಲ ಬರೆದಳು.

ನಿಮಗೆ ಕುರಿಯೆಂದರೆ ಊಟದ ಸಂಗತಿ ಇರಬಹುದು, ಆದ್ದರಿಂದ ವಿವರಿಸುತ್ತೇನೆ. ಜೋಳದ ರಾಶಿ ಮುಗಿದು ಹೊಲ ಖಾಲಿಯಾದ ಮೇಲೆ ಮುಂಗಾರಿನ ಮಿರಗದ ಮಳೆ ಕೂಡುವ ತನಕ ನಮ್ಮ ಕುರಿಗಾರರು ಮನೆಗೆ ಕೀಲಿ ಹಾಕಿ ಹಿಂಡಿನ ಜೊತೆ ಹೊರಡುತ್ತಾರೆ. ಗೊಬ್ಬರಕ್ಕಾಗಿ ರೈತರು ಅವರನ್ನು ಕರೆದು ತಮ್ಮ ಹೊಲದಲ್ಲಿ ಹಿಂಡನ್ನು ಕೂಡಿಸಿಕೊಳ್ಳುತ್ತಾರೆ. ಇದಕ್ಕೆ ಕುರಿ ತರುಬುವುದು ಅನ್ನುತ್ತಾರೆ. ಒಂದು ಹೊಲದಲ್ಲಿ ಕೆಲವು ರಾತ್ರಿ, ಆಮೇಲೆ ಮುಂದಿನ ಹೊಲ, ಆಮೇಲೆ ಮುಂದಿನ ಊರು. ಪಂಡರಿಯವರ ಹಿಂಡು ಕೊಡಂಬಲದಿಂದ ಬಸವಕಲ್ಯಾಣದ ಕಡೆಗೆ ನಡೆದು, ಗೋರ್ಟಾದ ಹೊಲಗಳಲ್ಲಿ ನಿಂತು, ಗಡಿ ದಾಟಿ ಮಹಾರಾಷ್ಟ್ರದ ಒಂದೆರಡು ಊರು ಸುತ್ತಿ ಬರುತ್ತದೆ. ಅವರ ಅಪ್ಪನ ಹಿಂಡೂ ಹೀಗೇ ಹೋಗುತ್ತಿತ್ತು. ಗಡಿ ಗೆರೆ ಆಗ ಇರಲಿಲ್ಲ, ಅದು ಕುರಿಗಳ ತಪ್ಪಲ್ಲ. ಮನಿಷಾ ಶಾಲೆ, ಐಟಿಐ ಓದುವಾಗ ಬೇಸಿಗೆ ರಜೆಯಲ್ಲಿ ಅಪ್ಪ ಅವ್ವನ ಜೊತೆ ಹೋಗುತ್ತಿದ್ದಳು. ಅದನ್ನೇ ಬರೆದಳು: ಗೋರ್ಟಾದ ವೈಜಿನಾಥರ ಹೊಲ, ಬಾವಿಯ ಕಡೆ, ಅದರಾಚೆ ಇಂಥವರ ಹೊಲ, ಬೇವಿನ ಮರದ ಹತ್ತಿರ. ಅರ್ಜಿಯ ಕಾಲಂ ಸಾಲದೆ ಹಾಳೆ ಅಂಟಿಸಿದಳು. ನಾನು ನೋಡಿ ಮೆಚ್ಚಿ ಮುಂದಕ್ಕೆ ಕಳಿಸಿದೆ. ಇಷ್ಟು ಬಿಚ್ಚಿ ಬರೆದವಳನ್ನು ಸರ್ಕಾರ ಅನುಮಾನಿಸುವುದಾದರೂ ಹೇಗೆ ಎಂದುಕೊಂಡೆ.

ಸರ್ಕಾರಕ್ಕೆ ಅದು ಕಷ್ಟವಾಗಲಿಲ್ಲ. ವಿಚಾರಣೆಗೆ ಹೋದ ಮನುಷ್ಯ ಬೇಸಿಗೆಯಲ್ಲೇ ಕೊಡಂಬಲಕ್ಕೆ ಹೋದ. ಮನಿಷಾ ಹುಮನಾಬಾದಿನಲ್ಲಿ ಕೆಲಸದಲ್ಲಿದ್ದಳು. ಮನೆಗೆ ಕೀಲಿ ಇತ್ತು. ದೇಶದ ಭದ್ರತೆ ಕೀಲಿ ಹಾಕಿದ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು, ಪಕ್ಕದ ಮನೆಯವರನ್ನು ಒಂದು ಮಾತು ಕೇಳಿ, ಚಹಾ ಕುಡಿಯಲು ಹೊರಟುಹೋಯಿತು. ಆತ ನನಗೆ ಮುಖಪರಿಚಯದವನು, ಕೆಟ್ಟವನಲ್ಲ. ಹುಮನಾಬಾದಿನ ಬಸ್ ನಿಲ್ದಾಣದ ಹತ್ತಿರ ಸಿಕ್ಕಾಗ ಕೇಳಿದೆ. "ಅರ್ಧಾ ವರ್ಷ ಮನಿ ಕೀಲಿ ಇರ್ತದ. ಮಹಾರಾಷ್ಟ್ರದಾಗ ತಿರುಗ್ತಾರ. ಎಲ್ಲಿರ್ತಾರ ಯಾರಿಗೂ ಗೊತ್ತಿಲ್ಲ. ನಾ ಏನಂತ ಬರೀಲಿ, ನೀವೇ ಹೇಳ್ರಿ" ಎಂದ. ಎಲ್ಲಿರುತ್ತಾರೆಂದು ಆಕೆಯೇ ಬರೆದುಕೊಟ್ಟಿದ್ದಾಳಲ್ಲಪ್ಪ, ಹೊಲದ ಯಜಮಾನರ ಹೆಸರುಗಳಿವೆ, ಒಬ್ಬರನ್ನಾದರೂ ಕೇಳಬಹುದಿತ್ತಲ್ಲ ಎಂದೆ. ಆತ ನನ್ನ ಮುಖ ನೋಡಿ, "ಹೊಲ ವಿಳಾಸ ಆಗ್ತದೇನ್ರಿ?" ಎಂದ.

ಆಕೆಯ ವಿರುದ್ಧ ನಿಮ್ಮ ಬಳಿ ಇರುವ ಕಾರಣ ಇದೇ ಎಂದು ನಾನು ಊಹಿಸಿದ್ದೇನೆ. ತಪ್ಪಾಗಿದ್ದರೆ ತಿದ್ದಿ. ತಿದ್ದಬೇಕಾದರೆ ನೀವು ಬಾಯಿ ತೆರೆಯಬೇಕಾಗುತ್ತದೆ, ಅದೇ ನನಗೂ ಬೇಕಾಗಿರುವುದು. ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಕೆಳಗಿನವರು ಬರೆದಿದ್ದನ್ನು ಮೇಲಿನವರು ಓದಿದರು, ಅವರಿಗಿಂತ ಮೇಲಿನವರು ಸಹಿ ಮಾಡಿದರು, ಮತ್ತು ಎರಡು ವಾಕ್ಯದ ಆದೇಶ ಬಂತು. ಸದರಿಯವರಿಗೆ ಗೋಪ್ಯ ದಾಖಲೆಗಳ ಪ್ರವೇಶ ಮುಂದುವರಿಸುವುದು ಸೂಕ್ತವಲ್ಲ. ಕಾರಣಗಳನ್ನು ತಿಳಿಸತಕ್ಕದ್ದಲ್ಲ. ಒಂದೇ ಪದದಲ್ಲಿ ಬರೆದ ಅರೆಸತ್ಯ ಪಾಸಾಯಿತು, ಹಾಳೆಗಟ್ಟಲೆ ಬರೆದ ಪೂರ್ತಿ ಸತ್ಯ ನಪಾಸಾಯಿತು. ಮುಂದಿನ ಸಲ ನಮ್ಮ ಕೆಲಸಗಾರರಿಗೆ ನಾನು ಏನು ಬೋಧಿಸಲಿ, ಮಾನ್ಯರೇ? ಏನನ್ನೂ ಮುಚ್ಚಿಡಬೇಡಿ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ?

ಮಾಲೀಕರು ಆಕೆಯನ್ನು ಅದೇ ದಿನ ಕೆಲಸದಿಂದ ಬಿಡಿಸಿದರು. ಆದೇಶ ಪಾಲಿಸದಿದ್ದರೆ ಕಾರ್ಖಾನೆಗೇ ಅನುಮತಿ ಹೋಗುತ್ತದೆ, ಅವರನ್ನು ನಾನು ಬಯ್ಯಲಾರೆ. ಅಲ್ಲಿಗೆ ಮುಗಿದಿದ್ದರೆ ಒಂದು ನೌಕರಿ ಹೋಯಿತು ಎಂದು ಸುಮ್ಮನಾಗಬಹುದಿತ್ತು. ಆದರೆ ನಿಮ್ಮ ಕೈಪಿಡಿಯಲ್ಲಿ ಕೊನೆಯ ಸಹಿ ಎಂಬುದೊಂದಿದೆಯಲ್ಲ. ಆ ಸಹಿಗೆ ಆಕೆಯನ್ನು ಕಾರ್ಖಾನೆಗೆ ಕರೆಸಬಹುದಿತ್ತು. ನಿಮ್ಮವರು ಸರ್ಕಾರಿ ಜೀಪಿನಲ್ಲಿ ಕೊಡಂಬಲಕ್ಕೇ ಹೋದರು. ಅಂಗಳದಲ್ಲಿ ನಿಂತು, ನೆರೆಹೊರೆಯವರೆಲ್ಲ ನೋಡುತ್ತಿರುವಾಗ, ಕಾಯ್ದೆಯ ಹೆಸರು ಗಟ್ಟಿಯಾಗಿ ಓದಿ, ಜೈಲಿನ ಮಾತು ಹೇಳಿ, ಆಕೆಯ ಕೈಯಲ್ಲಿ ಸಹಿ ಮಾಡಿಸಿದರು. ಏನು ತಪ್ಪು ಮಾಡಿದಳು ಎಂದು ಜನ ಕೇಳಿದ್ದಕ್ಕೆ, ಹೇಳುವ ಹಾಗಿಲ್ಲ ಎಂದು ಜೀಪು ಹತ್ತಿದರು.

ಹೇಳುವ ಹಾಗಿಲ್ಲ ಎಂಬ ಮಾತು ಒಂದು ಹಳ್ಳಿಯಲ್ಲಿ ಏನು ಮಾಡುತ್ತದೆ ಎಂಬುದನ್ನು ನೀವು ಎಂದಾದರೂ ಯೋಚಿಸಿದ್ದೀರಾ? ನೀವು ಖಾಲಿ ಬಿಟ್ಟ ಜಾಗವನ್ನು ಜನ ತುಂಬಿದರು. ಕೊಡಂಬಲದವರ ಬಾಯಲ್ಲಿ ಆಕೆ ಕಾಗದ ಕದ್ದಿದ್ದಳು. ಚಿಟಗುಪ್ಪದವರ ಬಾಯಲ್ಲಿ ಫೋಟೊ ತೆಗೆದು ಮಾರಿದ್ದಳು. ಸುದ್ದಿ ಹುಮನಾಬಾದಿಗೆ ಬರುವಷ್ಟರಲ್ಲಿ ಶತ್ರು ದೇಶದಿಂದ ಆಕೆಗೆ ಫೋನು ಬರುತ್ತಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾಲ್ಕು ತಲೆಮಾರು ಬೇರೆಯವರ ಹೊಲದಲ್ಲಿ ಮಲಗಿ ಒಂದು ತೆನೆಯನ್ನೂ ಮುಟ್ಟದೆ ಗಳಿಸಿದ ಹೆಸರು ಒಂದು ಮಧ್ಯಾಹ್ನದಲ್ಲಿ ಹೋಯಿತು.

ಕೆಲಸ ಹೋದ ಮೇಲೆ ಬಂದ ಬೇಸಿಗೆಯಲ್ಲಿ ಮನಿಷಾ ಅಪ್ಪ ಅವ್ವನ ಜೊತೆ ಹಿಂಡಿನ ಹಿಂದೆ ಹೊರಟಳು. ಗೋರ್ಟಾದ ವೈಜಿನಾಥರ ಹೊಲದಲ್ಲಿ ಇವರ ಹಿಂಡು ಮೊದಲ ಸಲ ನಿಂತದ್ದು ಯಾವಾಗ ಎಂದು ಎರಡೂ ಮನೆಯವರಿಗೆ ನೆನಪಿಲ್ಲ. ಹಿಂಡು ಬಂದ ಮೊದಲ ಸಂಜೆ ವೈಜಿನಾಥರ ಹೆಂಡತಿ ಗಯಾಬಾಯಿ ರೊಟ್ಟಿ, ಪುಂಡಿಪಲ್ಲೆ ಕಟ್ಟಿಕೊಂಡು ಹೊಲಕ್ಕೆ ಬರುವುದು ರೂಢಿ. ಆ ರೊಟ್ಟಿ ಉಂಡ ಮೇಲೆ ಕುರಿಗಾರ ಆ ಹೊಲದ ಕಾವಲುಗಾರನೂ ಹೌದು. ಹೊಲದವರು ಕುರಿಗಾರನನ್ನು ಪರಿಶೀಲಿಸುವ ವಿಧಾನ ಇದು, ನಿಮ್ಮದಕ್ಕಿಂತ ಹಳೆಯದು. ಈ ಸಲ ಸಂಜೆ ರೊಟ್ಟಿ ಬರಲಿಲ್ಲ. ವೈಜಿನಾಥರೇ ಬದುವಿನ ಮೇಲೆ ಬಂದು ನಿಂತರು. ಆ ಊರಿನಲ್ಲಿ ರಜಾಕಾರರ ಕಾಲದ ಹುತಾತ್ಮರ ಸ್ಮಾರಕವಿದೆ, ಸತ್ತವರ ಮೊಮ್ಮಕ್ಕಳಿದ್ದಾರೆ. ದೇಶದ್ರೋಹಿ ಎಂಬ ಮಾತನ್ನು ಅಲ್ಲಿ ಯಾರೂ ಚೇಷ್ಟೆಗೆ ಆಡುವುದಿಲ್ಲ, ಕೇಳಿಯೂ ಸುಮ್ಮನಿರುವುದಿಲ್ಲ. ಅಂದು ಅಲ್ಲಿ ನಡೆದ ಮಾತನ್ನು ವೈಜಿನಾಥರೇ ನನಗೆ ಹೇಳಿದ್ದಾರೆ.

"ಪಂಡರಿ, ನಿಮ್ಮಪ್ಪನೂ ಇದೇ ಹೊಲದಾಗ ಮಲಗ್ಯಾನ. ನಿನ್ನ ಮ್ಯಾಲ ನಂಗ ಸಂಶೆ ಇಲ್ಲ" ಎಂದರಂತೆ ಅವರು. "ಖರೇ, ಊರಾಗ ನಾ ಜವಾಬ್ ಕೊಡಬೇಕಾಗ್ತದ. ಮಗಳು ಅಲ್ಲಿ ಯಾತರ ಸಾಮಾನು ನೋಡ್ತಿದ್ಳು, ಯಾಕ ತೆಗದ್ರು, ಒಂದು ಮಾತು ಹೇಳ್ಲಿ. ಸಾಕು."

ಯಾಕೆ ತೆಗೆದರು ಎಂಬುದು ಮನಿಷಾಳಿಗೆ ಗೊತ್ತಿರಲಿಲ್ಲ, ನೀವು ಹೇಳಿಲ್ಲ. ಯಾತರ ಸಾಮಾನು ಎಂಬುದು ಗೊತ್ತಿತ್ತು, ನೀವು ಹೇಳಗೊಡುವುದಿಲ್ಲ. "ಹೇಳಾಕ ಬರಂಗಿಲ್ರಿ ಕಾಕಾ. ಸಹಿ ಮಾಡೀನಿ" ಎಂದಳಂತೆ.

"ನೌಕರೀನೇ ಹೋಯ್ತಲ್ಲವ್ವಾ, ಇನ್ನ ಯಾತರ ಸಹಿ?"

"ನೌಕರಿ ಹೋಗ್ಯದ್ರಿ. ಸಹಿ ಹೋಗಿಲ್ಲ."

ವೈಜಿನಾಥರು ಒಳ್ಳೆಯ ಮನುಷ್ಯರು.  ಮುಚ್ಚಿಡುವಂಥದ್ದು ಏನೂ ಇಲ್ಲದಿದ್ದರೆ ಹುಡುಗಿ ಯಾಕೆ ಮುಚ್ಚಿಡುತ್ತಾಳೆ ಎಂಬ ಅವರ ಪ್ರಶ್ನೆ ಹಳ್ಳಿಯವರ ಪ್ರಶ್ನೆ, ಅದರಲ್ಲಿ ಕೇಡಿಲ್ಲ. ಅವರು ಹಿಂಡನ್ನು ಇಳಿಸಿಕೊಳ್ಳಲಿಲ್ಲ. ಪಕ್ಕದ ಹೊಲದವರೂ ಇಳಿಸಿಕೊಳ್ಳಲಿಲ್ಲ, ಮುಂದಿನ ಊರಿಗೆ ಸುದ್ದಿ ಅವರಿಗಿಂತ ಮುಂಚೆ ಹೋಗಿತ್ತು. ಪಂಡರಿ ಹಿಂಡನ್ನು ತಿರುಗಿಸಿದರು. ದಾರಿಯಲ್ಲಿ ಮಗಳನ್ನು ಕೇಳಿದರು. ಊರಿಗೆ ಬೇಡ, ನನಗಾದರೂ ಹೇಳು, ಅಲ್ಲಿ ಏನು ತಯಾರಾಗುತ್ತಿತ್ತು ಎಂದು ಕೇಳಿದರು. ಆಕೆ ಹೇಳಲಿಲ್ಲ. ಮೂರು ಸಲ ಕೇಳಿದರಂತೆ. ಅಂದಿನಿಂದ ಅವರು ಮಗಳ ಜೊತೆ ಮಾತಾಡಿಲ್ಲ.

ನಿಲ್ಲಿಸಲು ಹೊಲವಿಲ್ಲದ ಹಿಂಡನ್ನು ಎಷ್ಟು ದಿನ ಹೆದ್ದಾರಿ ಬದಿಯಲ್ಲಿ ಮೇಯಿಸುವುದು? ಕೆಲವು ಲಾರಿಗೆ ಸಿಕ್ಕವು. ಉಳಿದವನ್ನು ಹುಮನಾಬಾದಿನ ಸಂತೆಯಲ್ಲಿ ಕಟುಕರಿಗೆ ಮಾರಿ, ಮರಿಗಳನ್ನು ಕೂಡ ಬಿಡದೆ ಮಾರಿ, ಪಂಡರಿ ಈಗ ಬೇರೆಯವರ ತೊಗರಿ ಹೊಲದಲ್ಲಿ ಕಳೆ ತೆಗೆಯಲು ಹೋಗುತ್ತಾರೆ. ಹೇಗೂ ಈಗ ಅವರಿಗೆ ಒಂದೇ ವಿಳಾಸ. ನಿಮ್ಮ ಕಾಲಂ ಸಲೀಸಾಗಿ ತುಂಬುತ್ತದೆ.

ಕಳೆದ ತಿಂಗಳು ನಾನು ಕೊಡಂಬಲಕ್ಕೆ ಹೋಗಿದ್ದೆ. ಪಂಡರಿ ಕೆಲಸಕ್ಕೆ ಹೋಗಿದ್ದರು. ಮನಿಷಾ ಅಂಗಳದ ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಆಕೆಯ ತಾಯಿ ಜಿಜಾಬಾಯಿ ನನಗೆ ಕೂರಲು ಕಂಬಳಿ ಹಾಸಿದರು, ನೀರು ಕೊಟ್ಟರು. ನಾನು ಏನೋ ಸಮಾಧಾನದ ಮಾತು ಆಡಿದೆ. ಅವರು ಎಲ್ಲ ಕೇಳಿಸಿಕೊಂಡು, "ಸಾಹೇಬ್ರ, ಅಲ್ಲಿ ಏನ್ ತಯಾರಾಗ್ತದ ಅಂತ ನಿಮಗ ಗೊತ್ತದಲ್ಲ. ಆಕಿ ಸಹಿ ಮಾಡ್ಯಾಳ, ಹೇಳೂದಿಲ್ಲ. ನೀವರೆ ಆಕಿ ಅಪ್ಪಗ ಹೇಳ್ರಿ. ಉಣ್ಣೂದು ಬಿಟ್ಟಾನ ಆ ಮನುಷ್ಯ" ಎಂದರು.

ನನಗೆ ಗೊತ್ತು. ಹೇಳಿದರೆ ಒಂದು ವಾಕ್ಯ. ಅದನ್ನು ಕೇಳಿದರೆ ಪಂಡರಿ, ಇಷ್ಟೇನಾ ಎಂದು ನಕ್ಕುಬಿಟ್ಟಾರು. ಆದರೆ ನಾನೂ ನಿಮ್ಮ ಕಾಗದಕ್ಕೆ ಸಹಿ ಹಾಕಿದವನೇ. ಸೈನ್ಯದಲ್ಲಿದ್ದಾಗ ಹಾಕಿದ್ದೇನೆ, ಕಾರ್ಖಾನೆಗೆ ಬಂದ ಮೇಲೂ ಹಾಕಿದ್ದೇನೆ.  ಮನಿಷಾ ಮೊರ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಳು. ನಾನು ಹೇಳಿಬಿಡುತ್ತೇನೋ ಎಂಬ ಆಸೆಯಿಂದ ನೋಡಿದಳೋ ಭಯದಿಂದ ನೋಡಿದಳೋ ನನಗೆ ತಿಳಿಯಲಿಲ್ಲ. "ಅವ್ವಾ, ಅವ್ರಿಗೂ ಬರಂಗಿಲ್ಲ. ಕೇಳಬ್ಯಾಡ" ಎಂದಳು. ನಾನು ನೀರಿನ ತಂಬಿಗೆ ಅಲ್ಲಿಟ್ಟು ಎದ್ದು ಬಂದೆ. ಅರುವತ್ತು ದಾಟಿದ ಗಂಡಸು ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ ಎಂದು ಬರೆಯಲು ನನಗೆ ನಾಚಿಕೆಯಿಲ್ಲ.

ನಿಮ್ಮ ಉತ್ತರ ನನಗೆ ಗೊತ್ತು. ದೇಶದ ಭದ್ರತೆಯ ಮುಂದೆ ವ್ಯಕ್ತಿ ದೊಡ್ಡವನಲ್ಲ, ಸಣ್ಣ ಅನುಮಾನವಿದ್ದರೂ ದೇಶದ ಪರವಾಗಿಯೇ ತೀರ್ಮಾನಿಸಬೇಕು ಎನ್ನುತ್ತೀರಿ. ಆಗಲಿ. ಒಬ್ಬರಿಗೆ ಅನುಮತಿ ಕೊಡದಿರುವ ಹಕ್ಕು ನಿಮಗಿದೆ ಎಂದೇ ಒಪ್ಪುತ್ತೇನೆ. ಆದರೆ ಅನುಮತಿ ಕೊಡದಿರುವುದು ಬೇರೆ, ಹೆಸರಿಗೆ ಮಸಿ ಬಳಿದು ಅಂಗಳದಲ್ಲಿ ನಿಲ್ಲಿಸಿ ಬರುವುದು ಬೇರೆ. ಅನುಮಾನ ಬಂದಾಗ ಕೇಳಿ ತಿಳಿಯುವುದೂ ನಿಮ್ಮ ಕೆಲಸವಲ್ಲವೇ? ಗೋರ್ಟಾಕ್ಕೆ ಬಸ್ಸಿದೆ. ವೈಜಿನಾಥರು ಹೊಲದಲ್ಲೇ ಇರುತ್ತಾರೆ. ಒಂದು ಗಂಟೆಯ ಮಾತಿನಲ್ಲಿ ಮುಗಿಯುವ ವಿಚಾರಣೆಯನ್ನು ಮಾಡದೆ ಬಿಟ್ಟಿರಿ, ಮಾಡದಿದ್ದ ವಿಚಾರಣೆಯ ಫಲವನ್ನು ಗೋಪ್ಯ ಎಂದು ಮುಚ್ಚಿಟ್ಟಿರಿ. ಈ ಗೋಪ್ಯತೆ ಕಾಯುತ್ತಿರುವುದು ದೇಶವನ್ನೋ, ಬಿಸಿಲಲ್ಲಿ ಎರಡು ಹರದಾರಿ ನಡೆಯಲಾರದ ನಿಮ್ಮವರ ಸೋಮಾರಿತನವನ್ನೋ?

ಇನ್ನು ನನ್ನ ಬೇಡಿಕೆ. ಆಕೆಯ ಅರ್ಜಿಯನ್ನು ಮತ್ತೆ ತೆರೆಯಿರಿ, ಆಕೆಯನ್ನು ಕೂರಿಸಿ ಕೇಳಿ, ಆಕೆ ಬರೆದ ಹೊಲಗಳಿಗೆ ಹೋಗಿ ಕೇಳಿ. ಈಕೆಯ ಮೇಲೆ ಯಾವ ಅಪರಾಧದ ಆರೋಪವೂ ಇಲ್ಲ ಎಂದು ಕನ್ನಡದಲ್ಲಿ ಒಂದು ಕಾಗದ ಬರೆದು, ಅದೇ ಜೀಪಿನಲ್ಲಿ ಹೋಗಿ, ಅದೇ ಅಂಗಳದಲ್ಲಿ ನಿಂತು, ಅಷ್ಟೇ ಗಟ್ಟಿಯಾಗಿ ಓದಿ. ಗೋರ್ಟಾದಲ್ಲೂ ಓದಿ. ಇದಕ್ಕೆ ದೇಶದ ಯಾವ ಗುಟ್ಟೂ ಖರ್ಚಾಗುವುದಿಲ್ಲ.

ಅದೂ ಆಗುವುದಿಲ್ಲ ಎನ್ನುತ್ತೀರಾದರೆ, ಆಕೆ ನಿಮ್ಮ ನಂಬಿಕೆಗೆ ಅರ್ಹಳಲ್ಲವೆಂದೇ ಹಟ ಹಿಡಿಯುತ್ತೀರಾದರೆ, ಆಕೆಯ ಮೌನದ ಮೇಲೆ ನಿಮಗೆ ಹಕ್ಕಿಲ್ಲ. ಆ ಸಹಿಯ ಕಾಗದವನ್ನು ಹರಿದುಹಾಕಿ. ಊರಿಗೆಲ್ಲ ಹೇಳಲು ಬೇಡ, ಪತ್ರಿಕೆಗೆ ಬೇಡ. ಒಬ್ಬರಿಗೆ, ಒಂದು ವಾಕ್ಯ, ಮಗಳು ತನ್ನ ಅಪ್ಪನಿಗೆ ಹೇಳಲು ಅನುಮತಿ ಕೊಡಿ. ಬೇಗ ಕೊಡಿ, ಪಂಡರಿ ದಿನದಿಂದ ದಿನಕ್ಕೆ ಇಳಿಯುತ್ತಿದ್ದಾರೆ. ಕಾಗದ ಬರದಿದ್ದರೂ ಆಕೆ ಒಂದು ದಿನ ಸೋತು ಹೇಳಿಯೇಬಿಡುತ್ತಾಳೆ, ಇದಕ್ಕೆಲ್ಲ ನಾವೇಕೆ ತಲೆ ಕೆಡಿಸಿಕೊಳ್ಳಬೇಕು ಎಂದು ನಿಮಗೆ ಅನ್ನಿಸಬಹುದು. ಆಕೆಯನ್ನು ನಾನು ಬಲ್ಲೆ. ಅಪ್ಪನನ್ನು ಮಣ್ಣು ಮಾಡುವ ದಿನವೂ ಆಕೆ ಹೇಳುವುದಿಲ್ಲ.

ಇಂತಿ,
ನಿಮ್ಮ ಕೈಪಿಡಿಯನ್ನು ಅಕ್ಷರಶಃ ಪಾಲಿಸಿ ಒಂದು ಮನೆಯ ಮುಂದೆ ಮುಖ ಎತ್ತಲಾರದಂತಾದ
ಲಾಲಪ್ಪ, ನಿವೃತ್ತ ಹವಾಲ್ದಾರ
ಹುಡಗಿ, ಹುಮನಾಬಾದ ತಾಲೂಕು